ಗೊತ್ತಾಗ್ತಿಲ್ಲ ಎಂಬ ಬಟನ್

ಕಣ್ಣಿನಲ್ಲಿ ಯಾವ ದೋಷವೂ ಇಲ್ಲವೆಂದು ಕೇಳಿ ವಿನಾಯಕನಷ್ಟು ಕಂಗಾಲಾದ ಮನುಷ್ಯ ಲಂಡನ್ನಿನ ಇಡೀ ವೆಂಬ್ಲಿಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಅರೆಗತ್ತಲಿನ ಪುಟ್ಟ ಕೋಣೆ. ಸಮೀಕ್ಷಾ ಕೈಯಲ್ಲೊಂದು ದೀಪ ಹಿಡಿದು ಅವನ ಬಲಗಣ್ಣನ್ನು ಬಗ್ಗಿ ಪರೀಕ್ಷಿಸುತ್ತಿದ್ದಳು. ಅವಳ ಕೆನ್ನೆಗೂ ಅವನ ಕೆನ್ನೆಗೂ ಗೇಣು ದೂರ. ಉಸಿರು ಬಿಡಬಹುದೋ ಬಾರದೋ ಎಂದು ಅವನಿಗೆ ಚಿಂತೆ.

"ಈಗ ನನ್ನ ಕಿವಿ ನೋಡಿ," ಎಂದಳು.

ನೋಡಿದ. ಹಸಿರು ಹರಳಿನ ಸಣ್ಣ ಓಲೆ. ಇಷ್ಟು ಹತ್ತಿರದಿಂದ, ಅದೂ ಅವಳೇ ಹೇಳಿ ನೋಡಿಸಿಕೊಂಡದ್ದು! ಜನ್ಮ ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಅವಳು ಲೈಟ್ ಹಾಕಿದಳು.

"ನಿಮ್ಮದು ಹದ್ದಿನ ಕಣ್ಣು. ಕೊನೇ ಸಾಲಿನ ಅಕ್ಷರ ಸಹ ಬಿಡದೆ ಓದಿದ್ರಿ. ಮತ್ತೆ ಶನಿವಾರ ಬಂದ್ರೆ ನಿಮಗೆ ಎಂತ ಆಗ್ತದೆ?"

ವಿನಾಯಕ ಶೂ ನೋಡಿಕೊಂಡ.

ಶನಿವಾರದ ಕಥೆ ಹೀಗಿತ್ತು. ಪಿನ್ನರ್‌ನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಗೋಪೀನಾಥ ಅಂಕಲ್ ಒಂದು ಕೂಟ ನಡೆಸುತ್ತಿದ್ದರು. ನಿವೃತ್ತ ಡಾಕ್ಟರು, ಕಾಡುಪ್ರಾಣಿಗಳ ಹುಚ್ಚು. ಅಮೆರಿಕದ ಪಶ್ಚಿಮದ ಹಿಮಬೆಟ್ಟಗಳಲ್ಲಿ ವುಲ್ವರೀನ್ ಎಂಬ ಪ್ರಾಣಿಯನ್ನು ನೂರು ವರ್ಷದ ಹಿಂದೆ ಜನ ಬೋನಿಟ್ಟು, ವಿಷವಿಟ್ಟು ನಿರ್ನಾಮ ಮಾಡಿದ್ದರು. ನೋಡಲು ಕರಡಿಮರಿ, ಬಳಗ ನೀರುನಾಯಿಯದು, ಹಟ ಮಾತ್ರ ಅದರದ್ದೇ. ಆ ಪ್ರಾಣಿ ಈಗ ಉತ್ತರದಿಂದ ಒಂದೊಂದಾಗಿ ನಡೆದು ಹಳೆಯ ಬೆಟ್ಟಗಳಿಗೆ ವಾಪಸ್ಸು ಬರುತ್ತಿತ್ತು. ಅಲ್ಲಿನ ತಂಡದವರು ಮರಕ್ಕೆ ಎತ್ತರದಲ್ಲಿ ಮಾಂಸ ತೂಗುಹಾಕಿ ಎದುರಿಗೊಂದು ಕ್ಯಾಮೆರಾ ಕಟ್ಟುತ್ತಿದ್ದರು. ಅದು ಹಿಂಗಾಲಿನ ಮೇಲೆ ನಿಂತಾಗ ಎದೆಯ ಬಿಳಿ ಮಚ್ಚೆ ಕಾಣುತ್ತದೆ. ಒಂದರ ಮಚ್ಚೆಯಂತೆ ಇನ್ನೊಂದರದು ಇರುವುದಿಲ್ಲ. ಆದರೆ ಬರುವ ಸಾವಿರಾರು ಫೋಟೋಗಳಲ್ಲಿ ಮುಕ್ಕಾಲು ಪಾಲು ನರಿ, ಅಳಿಲು, ಬರೀ ಹಿಮ. ಅವನ್ನು ಸೋಸಿ ಕೊಡುವುದೇ ಪಿನ್ನರ್ ಕೂಟದ ಕೆಲಸ.

ಕನ್ನಡದವರ ಯುಗಾದಿ ಊಟದ ಸಾಲಿನಲ್ಲಿ ಅಂಕಲ್ ಕೈಗೆ ಇಬ್ಬರು ಬಕರಾಗಳು ಸಿಕ್ಕಿದ್ದರು. ಒಬ್ಬ ಬೆಂಗಳೂರಿನ ಐಟಿ ಹುಡುಗ ವಿನಾಯಕ. ಇನ್ನೊಬ್ಬಳು ಈಲಿಂಗ್ ರೋಡಿನಲ್ಲಿ ಹೋಟೆಲ್ ಇಟ್ಟಿರುವ ಕುಂದಾಪುರದ ಗಣಪಯ್ಯನವರ ಮಗಳು, ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಸಮೀಕ್ಷಾ.

ಪ್ರತಿ ಫೋಟೋವನ್ನೂ ಇಬ್ಬರು ನೋಡಬೇಕು. ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ ಬೆನ್ನಿಗೆ ಬೆನ್ನು ಹಾಕಿ ಕೂರಬೇಕು. ಇದು ವುಲ್ವರೀನೇ ಎಂಬುದಕ್ಕೆ ಹೌದು, ಅಲ್ಲ, ಗೊತ್ತಾಗ್ತಿಲ್ಲ ಎಂದು ಮೂರು ಬಟನ್. ಯಾರಾದರೂ ಮೂರನೆಯದನ್ನು ಒತ್ತಿದರೆ ಮಾತ್ರ ಇಬ್ಬರೂ ಒಂದೇ ಸ್ಕ್ರೀನಿನ ಮುಂದೆ ಪಕ್ಕಪಕ್ಕ ಕುಳಿತು ತೀರ್ಮಾನಿಸಬೇಕು.

ಇನ್ನು ಹೇಳಬೇಕೇ? ಎರಡನೇ ವಾರದಿಂದ ವಿನಾಯಕನಿಗೆ ಅಳಿಲೂ ಗೊತ್ತಾಗಲಿಲ್ಲ.

"ನರಿ ಅಲ್ವಾ ಮಾರಾಯ್ರೆ, ಬಾಲ ನೋಡಿ," ಎಂದು ಅವಳು ತಾಳ್ಮೆಯಿಂದ ಬೆರಳಿಟ್ಟು ತೋರಿಸುತ್ತಿದ್ದಳು. ಅವನು ಬಾಲ ಒಂದನ್ನು ಬಿಟ್ಟು ಬೆರಳು, ಬಳೆ, ಹುಬ್ಬು ಎಲ್ಲವನ್ನೂ ನೋಡುತ್ತಿದ್ದ. ಪಾಪ, ಹುಡುಗನ ದೃಷ್ಟಿ ಮಂದವಾಗಿದೆ ಎಂದು ಮರುಗಿ ಅವಳೇ ಅಂಗಡಿಗೆ ಕರೆದಿದ್ದಳು.

"ಹೇಳಿ," ಎಂದಳು ಈಗ, ಕೈಕಟ್ಟಿ ನಿಂತು.

"ನಿಮ್ಮ ಪಕ್ಕ ಕೂತ್ಕೊಳ್ಳೋಕೆ," ಎಂದುಬಿಟ್ಟ.

ಅವಳ ತುಟಿಯಂಚಿನಲ್ಲಿ ನಗು ಇಣುಕಿದ್ದನ್ನು ಅವನು ಕಂಡ. ಹದ್ದಿನ ಕಣ್ಣಲ್ಲವೇ! ಆದರೆ ಅದು ಅರಳುವ ಮೊದಲೇ ಅವಳ ಮುಖ ಗಂಟಿಕ್ಕಿತು.

"ಹಾಗಾದ್ರೆ ಮೊನ್ನೆಯ ತಾಯಿ-ಮರಿ ಫೋಟೋ?"

ಆ ಫೋಟೋದಲ್ಲಿ ಒಂದು ವುಲ್ವರೀನ್ ನಿಂತಿತ್ತು, ಹಿಂದೆ ಎರಡು ಕಪ್ಪು ಆಕಾರಗಳು. ಮರಿಗಳೇ ಆಗಿದ್ದರೆ ನೂರು ವರ್ಷಗಳಲ್ಲಿ ಆ ಕಣಿವೆಯಲ್ಲಿ ಹುಟ್ಟಿದ ಮೊದಲ ಮರಿಗಳು. ಆಗ ಚಳಿಗಾಲಕ್ಕೆ ಅಲ್ಲಿ ಹೆಚ್ಚು ಕ್ಯಾಮೆರಾ ಕಟ್ಟಲು ಜನ ಬೇಕು, ಅಮೆರಿಕಕ್ಕೆ ಹೋಗುವವರ ಸಾಲಿನಲ್ಲಿ ಸಮೀಕ್ಷಾಳೇ ಮೊದಲು. ಮರಿ ಇವೆಯೇ ಎಂಬ ಪ್ರಶ್ನೆಗೆ ಅವಳು ಹೌದು ಒತ್ತಿದ್ದಳು. ಅವನು ಗೊತ್ತಾಗ್ತಿಲ್ಲ ಒತ್ತಿದ್ದ. ಪಕ್ಕಪಕ್ಕ ಕೂತು ಎಷ್ಟು ನೋಡಿದರೂ ಅವನು ಹೌದು ಅಂದಿರಲಿಲ್ಲ, ಫೋಟೋ ಅಲ್ಲೇ ನಿಂತಿತ್ತು.

"ನಾನು ಹೋಗಬಾರದು ಅಂತ ಅಲ್ವಾ?"

"ಅಯ್ಯೋ, ಅಲ್ಲ ಸಮೀಕ್ಷಾ. ಅದೊಂದು ನಿಜವಾಗ್ಲೂ ಗೊತ್ತಾಗ್ಲಿಲ್ಲ. ಹಿಂದೆ ಇರೋದು ಕಲ್ಲೂ ಆಗಿರಬಹುದು."

"ತೋಳ ಬಂತು ತೋಳ ಅಂತ ದಿನಾ ಕೂಗಿದವನ ಕಥೆ ಗೊತ್ತುಂಟಲ್ಲ?" ಅವಳು ಬಾಗಿಲು ತೆರೆದಳು. "ಹೊರಗೆ ಪೇಶೆಂಟ್ ಕಾಯ್ತಿದ್ದಾರೆ. ನೀವು ಹೊರಡಿ."

ಅವಳನ್ನು ಪ್ರೀತಿಸುತ್ತಿದ್ದೇನೆ ಎನ್ನುವುದು ವಿನಾಯಕನಿಗೆ ಮೊದಲೇ ಗೊತ್ತಿತ್ತು. ಅವಳು ತನ್ನ ಮಾತು ನಂಬದಿದ್ದರೆ ಊಟ ಸೇರುವುದಿಲ್ಲ ಎನ್ನುವುದು ಅಂದು ಗೊತ್ತಾಯಿತು. ಫೋಟೋ ಹಾಗೇ ಬಿದ್ದಿದ್ದರೆ ಅವಳು ಲಂಡನ್ನಿನಲ್ಲೇ ಇರುತ್ತಾಳಲ್ಲ ಎಂದು ಕಳ್ಳಮನಸ್ಸು ಪಿಸುಗುಟ್ಟಿದ್ದೂ ಉಂಟು. ಅವನು ಅದರ ಬಾಯಿ ಮುಚ್ಚಿಸಿ, ಗೋಪೀನಾಥ ಅಂಕಲ್ ಬಳಿ ಆ ಕ್ಯಾಮೆರಾದ ಎಲ್ಲ ಫೋಟೋಗಳನ್ನೂ ಕೇಳಿ ತಂದ. ವಾರವಿಡೀ ಆಫೀಸು ಮುಗಿಸಿ ಬಂದು ಒಂದೊಂದನ್ನೇ ನೋಡಿದ.

ಶನಿವಾರ ಲೈಬ್ರರಿಯಲ್ಲಿ ಸಮೀಕ್ಷಾ ಮೊದಲೇ ಬಂದು ಬೆನ್ನು ತಿರುಗಿಸಿ ಕುಳಿತಿದ್ದಳು. ವಿನಾಯಕ ಅವಳ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟ.

"ಇದು ಅದೇ ಜಾಗ, ಹಿಂದಿನ ದಿನದ ಫೋಟೋ. ಪ್ರಾಣಿ ಇಲ್ಲ. ಆದ್ರೂ ಎಡಗಡೆ ಆ ಆಕಾರ ಇದೆ. ಅದು ಕಲ್ಲು."

ಅವಳ ಮುಖ ಬಾಡಿತು. ಅವನು ಮುಂದಿನ ಫೋಟೋಗೆ ಹೋದ.

ತಾಯಿ ಮಾಂಸಕ್ಕಾಗಿ ಹಿಂಗಾಲಿನ ಮೇಲೆ ಎದ್ದು ನಿಂತಿತ್ತು, ಎದೆಯ ಮಚ್ಚೆ ಸ್ಪಷ್ಟ. ಅದರ ಕಾಲಿಗೆ ಒರಗಿಕೊಂಡು ಒಂದು ಮರಿ, ತನಗೂ ಒಂದು ತುತ್ತು ಬೀಳಲಿ ಎಂದು ಬಾಯಿ ತೆರೆದು ಮೇಲೆ ನೋಡುತ್ತಿತ್ತು.

ಸಮೀಕ್ಷಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿ ಬಂತು.

"ಎರಡಲ್ಲ, ಒಂದೇ. ಆದ್ರೆ ಮರಿ ಹೌದು," ಎಂದು ವಿನಾಯಕ ಹೌದು ಬಟನ್ ಒತ್ತಿದ. "ಈಗ ನೀವು ಹೋಗಬಹುದು."

"ಇದನ್ನು ತೋರಿಸದಿದ್ರೆ ನಾನು ಇಲ್ಲೇ ಇರ್ತಿದ್ದೆ."

"ಗೊತ್ತು."

"ಮತ್ತೆ ಎಂತಕ್ಕೆ ತೋರಿಸಿದ್ರಿ?"

"ನಿಮ್ಮನ್ನ ಪ್ರೀತಿಸ್ತೀನಿ, ಅದಕ್ಕೆ. ನೀವು ಬೇಜಾರು ಮಾಡ್ಕೊಂಡು ಪಕ್ಕದಲ್ಲಿ ಕೂತಿದ್ರೆ ನಂಗೇನು ಸುಖ?"

ಮೂಲೆಯಲ್ಲಿದ್ದ ಗೋಪೀನಾಥ ಅಂಕಲ್ ಇದ್ದಕ್ಕಿದ್ದಂತೆ ಚಹಾದ ನೆನಪಾಗಿ ಹೊರಗೆ ಹೋದರು. ಸಮೀಕ್ಷಾ ಕುರ್ಚಿಯನ್ನು ಅವನ ಕಡೆಗೆ ಎಳೆದುಕೊಂಡು, ಆ ಮರಿಯನ್ನೇ ನೋಡುತ್ತ ಕುಳಿತಳು.

ಅವಳ ಉತ್ತರ ಬಂದದ್ದು ಮುಂದಿನ ವಾರ, ಪಿನ್ನರ್ ಸ್ಟೇಷನ್ನಿಗೆ ಇಬ್ಬರೂ ನಡೆದು ಹೋಗುವಾಗ.

"ಜನವರಿಯಲ್ಲಿ ಹೊರಡ್ತೇನೆ. ಹೀತ್ರೋ ಏರ್‌ಪೋರ್ಟಿಗೆ ಬಿಡ್ಲಿಕ್ಕೆ ಅಪ್ಪಯ್ಯ ಬರ್ತಾರೆ. ಏಪ್ರಿಲಲ್ಲಿ ಕರ್ಕೊಂಡು ಬರ್ಲಿಕ್ಕೆ ನೀನು ಬಾ. ಅಪ್ಪಯ್ಯನಿಗೆ ಹೇಳಿ ಆಯ್ತು."

ವಿನಾಯಕ ನಡುರಸ್ತೆಯಲ್ಲೇ ನಿಂತ. "ಏನಂದ್ರು?"

"ಹುಡುಗನ ಹತ್ರ ಕಾರ್ ಉಂಟಾ ಕೇಳಿದ್ರು."

"ಇಲ್ವಲ್ಲ!"

"ಅದನ್ನೇ ಹೇಳಿದೆ. ಟ್ಯೂಬ್ ರೈಲಲ್ಲಿ ಬರ್ತೇವೆ ಅಂದೆ."

"ಅಷ್ಟು ಭಾರದ ಬ್ಯಾಗ್ ಹಿಡ್ಕೊಂಡು ಟ್ಯೂಬಲ್ಲಾ? ಹೀತ್ರೋದಿಂದ ಇಲ್ಲಿಗೆ ಎಷ್ಟು ಹೊತ್ತು ಹಿಡಿಯತ್ತೆ ಗೊತ್ತಾ?"

"ಗೊತ್ತುಂಟು," ಎಂದು ಸಮೀಕ್ಷಾ ತನ್ನ ತಣ್ಣಗಿನ ಕೈಯನ್ನು ಅವನ ಕೋಟಿನ ಜೇಬಿಗೆ ತೂರಿಸಿದಳು. "ಅದಕ್ಕೇ ಹೇಳಿದ್ದು."