ಆರು ಮೊಹರುಗಳ ಕಳವು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಚಿಪೋಸೊ ಠಾಣೆಗೆ ದೂರು ಬಂತು. ದೂರುದಾರರು ಸರ್ಕಾರಿ ಆಸ್ಪತ್ರೆಯ ಆಡಳಿತಾಧಿಕಾರಿ ಕಲಾಲುಕಾ. ಕಳುವಾದ ಮಾಲು, ‘ಔಷಧ ಪರಿಶೀಲಿಸಲಾಗಿದೆ’ ಎಂಬ ರಬ್ಬರ್ ಮೊಹರು, ಆರು. ಎಫ್‌ಐಆರ್ ಬರೆಯುತ್ತಿದ್ದ ಇನ್‌ಸ್ಪೆಕ್ಟರ್ ಚಿಲಾಂಬ್ವೆ ತಲೆಯೆತ್ತಿದರು. ಗಣಿಯ ತಾಮ್ರದ ತಂತಿ ಕದಿಯುವವರನ್ನು ಹಿಡಿದು ಹಿಡಿದೇ ಅವರು ಹಣ್ಣಾಗಿದ್ದರು. ಈಗ ಇದು.

“ಇದಕ್ಕೂ ಪೊಲೀಸ್ ಬೇಕಾ?”

“ಮೊಹರಿಲ್ದೆ ಔಷಧಿ ಕೊಡೋ ಹಂಗಿಲ್ಲ ಸಾರ್. ಕ್ಯೂ ಗೇಟ್ ದಾಟಿದೆ. ಹೊಸದು ಮಾಡಿಸ್ಬೇಕಂದ್ರೆ ರಾಜಧಾನಿ ಲುಸಾಕಾದಿಂದ ಮಂಜೂರಾತಿ ಬರ್ಬೇಕು.”

ಆಸ್ಪತ್ರೆಯಲ್ಲಿ ಕಾನ್‌ಸ್ಟೇಬಲ್ ಮೋನ್ಡೆ ಪಂಚನಾಮೆ ಬರೆದುಕೊಂಡಳು. ಯಾವ ಡ್ರಾಯರಿನ ಬೀಗವೂ ಮುರಿದಿರಲಿಲ್ಲ. ಅಂದರೆ ಒಳಗಿನವರದೇ ಕೈ. ಚಿಲಾಂಬ್ವೆ ಮೊಹರು ಬಳಸುವವರನ್ನು ಒಬ್ಬೊಬ್ಬರಾಗಿ ಕರೆದರು.

“ಏನು ನೋಡಿ ಒತ್ತುತೀಯಮ್ಮ?”

“ಔಷಧಿ ಚೀಟಿ ನೋಡ್ತೀನಿ ಸಾರ್. ಪ್ರಮಾಣ ಸರಿಯಿದ್ರೆ ಒತ್ತುತೀನಿ,” ಎಂದಳು ನರ್ಸ್.

“ರೋಗಿನ ನೋಡಲ್ವಾ?”

“ಚೀಟಿ ಇದೆಯಲ್ಲ ಸಾರ್, ರೋಗಿ ಯಾಕೆ?”

ಹೊರರೋಗಿ ವಿಭಾಗದವನು, ಯಾವ ಮಾತ್ರೆ ನುಂಗುತ್ತೀರಿ, ಯಾವುದು ಬಿಟ್ಟಿದ್ದೀರಿ ಎಂದು ರೋಗಿಯನ್ನು ಕೇಳಿ ಒತ್ತುತ್ತಿದ್ದ. ಡಾಕ್ಟರ್ ತೆಂಬೋ ರೋಗಿಯನ್ನು ಮಲಗಿಸಿ ನೋಡಿ, ರಕ್ತಪರೀಕ್ಷೆ ನೋಡಿ, ಬೇಡದ ಮಾತ್ರೆ ನಿಲ್ಲಿಸಿ ಒತ್ತುತ್ತಿದ್ದರು.

“ಮೂರಕ್ಕೂ ಒಂದೇ ಮೊಹರಾ?”

“ಮತ್ತಿನ್ನೇನು? ಮೂರೂ ಪರಿಶೀಲನೆನೇ,” ಎಂದರು ಡಾಕ್ಟರ್.

ಚಿಲಾಂಬ್ವೆ ಜೇಬು ಮುಟ್ಟಿಕೊಂಡರು. ಅಲ್ಲಿ ಅವರ ರಕ್ತದೊತ್ತಡದ ಚೀಟಿಯಿತ್ತು, ಅದರ ಮೇಲೆ ಅದೇ ಮೊಹರಿತ್ತು.

ಎಲ್ಲ ಡ್ರಾಯರುಗಳ ಎರಡನೆಯ ಕೀಲಿಗೊಂಚಲು ಇದ್ದದ್ದು ಔಷಧ ಉಗ್ರಾಣದ ಮುಖ್ಯಸ್ಥ ಸಿಕಾಜ್ವೆ ಬಳಿ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನ ಮೇಲೆ ಒಂದು ಕಪ್ಪುಚುಕ್ಕೆಯಿಲ್ಲ.

“ಮನೆ ಜಾಲಾಡೋಣ ಸಾರ್. ಇಲ್ಲಾಂದ್ರೆ ನದಿಗೆ ಎಸೆದಿರ್ತಾನೆ,” ಎಂದಳು ಮೋನ್ಡೆ.

“ಸರ್ಕಾರಿ ನೌಕರ ಸರ್ಕಾರಿ ಮಾಲು ಎಸೀತಾನಾ? ನಮ್ಮ ಠಾಣೆ ಹಿಂದಿನ ಜೀಪು ನೋಡಿಲ್ವಾ ನೀನು?”

ಚಕ್ರವಿಲ್ಲದ ಆ ಜೀಪಿನೊಳಗೆ ಮಾವಿನ ಗಿಡ ಬೆಳೆದು ಕಾಯಿ ಬಿಡುತ್ತಿತ್ತು. ವಿಲೇವಾರಿ ಸಮಿತಿ ಬಂದು ನೋಡುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಚಿಲಾಂಬ್ವೆ ನೇರವಾಗಿ ಉಗ್ರಾಣಕ್ಕೆ ಹೋಗಿ ಅವಧಿ ಮೀರಿದ ಔಷಧಗಳ ಕಪಾಟು ತೆಗೆಸಿದರು. ಕೆಮ್ಮಿನ ಸಿರಪ್ಪಿನ ಹಿಂದೆ, ಬಟ್ಟೆಯಲ್ಲಿ ಸುತ್ತಿದ ಆರೂ ಮೊಹರುಗಳಿದ್ದವು. ಮೇಲೆ ‘ವಿಲೇವಾರಿಗೆ’ ಎಂದು ಚೀಟಿ ಕಟ್ಟಿತ್ತು.

“ಎಸೆಯೋಕೆ ಕೈ ಬರ್ಲಿಲ್ಲ ಸಾರ್,” ಎಂದ ಸಿಕಾಜ್ವೆ.

“ಯಾಕೆ ತೆಗೆದೆ?”

“ಮಾತ್ರೆ ಒಗ್ಗದೆ ಅವ್ವನ ಕಾಲು ಊದಿತ್ತು. ನಾನು ಲುಸಾಕಾದಲ್ಲಿ ತರಬೇತಿಲಿದ್ದೆ. ಫೋನಲ್ಲಿ ಕೇಳ್ದೆ, ಮಾತ್ರೆ ಪರಿಶೀಲನೆ ಆಯ್ತಾ ಅವ್ವಾ ಅಂತ. ಆಯ್ತು ಮಗಾ, ಮೊಹರು ಒತ್ತಿದ್ರು ಅಂದ್ಲು. ನಾನು ನೆಮ್ಮದಿಯಾಗಿ ಮಲಗ್ದೆ. ಮೂರು ಸಲ ಒತ್ತಿದ್ರು ಸಾರ್. ಮೂರು ಸಲಾನೂ ನೋಡಿದ್ದು ಬರೀ ಚೀಟಿನ. ಅವಳ ಕಾಲು ಯಾರೂ ನೋಡ್ಲಿಲ್ಲ.”

ಆಕೆ ಸತ್ತ ಮೇಲೆ, ಚೀಟಿ ನೋಡುವುದು, ರೋಗಿಯನ್ನು ಕೇಳುವುದು, ರೋಗಿಯನ್ನೇ ಪರೀಕ್ಷಿಸುವುದು, ಈ ಮೂರು ಕೆಲಸಕ್ಕೆ ಮೂರು ಹೆಸರಿಡಿ ಎಂದು ಅವನು ಅರ್ಜಿ ಕೊಟ್ಟಿದ್ದ. ಅದಕ್ಕೆ ಸಮಿತಿಯಾಗಿ ನಾಲ್ಕು ವರ್ಷವಾಗಿತ್ತು. ಚಹಾ ಖರ್ಚಾಗಿತ್ತು, ಹೆಸರು ಸಿಕ್ಕಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಬಂಧನವಾಯಿತು. ಬೇಡಿ ಹಾಕಬೇಡ ಎಂದು ಚಿಲಾಂಬ್ವೆ ಮೋನ್ಡೆಗೆ ಕಣ್ಣಲ್ಲೇ ಹೇಳಿದರು. ಸಿಕಾಜ್ವೆಯ ಕೆಲಸ ಹೋಗುವುದಂತೂ ಖಂಡಿತವಾಗಿತ್ತು. ಅವರಿಗೆ ತುಂಬ ಸಂಕಟವಾಯಿತು.

ಕಲಾಲುಕಾ ಓಡಿ ಬಂದರು. “ಬದುಕಿದೆ! ಮೊಹರು ಕೊಡಿ ಸಾರ್, ಜನ ಕಾಯ್ತಿದಾರೆ.”

“ಅದು ಮುದ್ದೆಮಾಲು. ಕೇಸು ಮುಗಿಯೋ ತನಕ ಠಾಣೆಲಿರತ್ತೆ.”

“ಕೇಸು ಮುಗಿಯೋಕೆ ವರ್ಷಗಟ್ಲೆ ಆಗತ್ತೆ!”

“ಆಗತ್ತೆ. ಅಲ್ಲೀವರೆಗೂ ಏನು ನೋಡಿದ್ರೋ ಅದನ್ನ ಕೈಯಲ್ಲಿ ಬರೀರಿ. ಚೀಟಿ ನೋಡಿದ್ರೆ ಚೀಟಿ ನೋಡ್ದೆ ಅಂತ. ಮನುಷ್ಯನ್ನ ನೋಡಿದ್ರೆ ಮನುಷ್ಯನ್ನ ನೋಡ್ದೆ ಅಂತ.”

ಚಿಲಾಂಬ್ವೆ ಜೇಬಿನಿಂದ ತಮ್ಮ ಚೀಟಿ ತೆಗೆದು ಕೊಟ್ಟರು.

“ಮೊದ್ಲು ಇದಕ್ಕೆ ಬರ್ಕೊಡಿ. ನಿಮ್ಮೋರು ನೋಡಿದ್ದು ನನ್ನನ್ನಾ, ಇದನ್ನಾ?”

ಕಲಾಲುಕಾ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ಮೊಹರನ್ನೇ ನೋಡುತ್ತ ನಿಂತರು. ಏನು ನೋಡಿ ಒತ್ತಿದ್ದೆಂದು ಅದರಿಂದ ಅವರಿಗೆ ಗೊತ್ತಾಗಲಿಲ್ಲ.