ಕೆಂಪು ನಲ್ಲಿಯ ತಣ್ಣೀರು

"ನಿನ್ನ ಮಗನ ಕೈಗೆ ಪದವಿ ಕೊಡಿಸೋದು ನನ್ನ ಜವಾಬ್ದಾರಿ. ನೀನು ಆ ಚಿಂತೆ ಬಿಡು" — ಸಾಯುತ್ತಿದ್ದ ಅಕ್ಕನಿಗೆ ಬಲ್ಕೀಸ್ ಹೀಗೆ ಮಾತು ಕೊಟ್ಟಾಗ ಮುಹನ್ನದ್‌ಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಈಗ ಅವನು ಬಸ್ರಾದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿ. ಬಲ್ಕೀಸ್ ಅಲ್ಲೇ ಪ್ರಯೋಗಶಾಲೆಯ ಅಧ್ಯಾಪಕಿ; ವಿದ್ಯಾರ್ಥಿಗಳಿಗೆಲ್ಲ 'ಸಿತ್', ಅಂದರೆ ಮೇಡಂ. ಪದವಿಗೆ ಉಳಿದದ್ದು ಒಂದೇ ಒಂದು ಪರೀಕ್ಷೆ.

ಆ ಪರೀಕ್ಷೆಗೆಂದು ಇಡೀ ತರಗತಿ ಸೇರಿ ತಯಾರಿಸಿದ್ದ ಬ್ರೋಮೋಈಥೇನ್ ದ್ರವ ಮಾಯವಾಗಿತ್ತು.

ಮೊದಲು ಚೀರಿದವಳು ಅದೇ ತರಗತಿಯ ರಬಾಬ್. ಅದನ್ನು ಬಟ್ಟಿ ಇಳಿಸಿ ಶುದ್ಧ ಮಾಡುವ ಕೆಲಸ ಅವಳದು. ವಿಭಾಗದ ಮುಖ್ಯಸ್ಥರು ಕರೆದರೆಂದು ಆಫೀಸಿಗೆ ಹೋಗಿದ್ದಳು. ಮಾತು ಬೆಳೆದು ಬರುವುದು ತಡವಾಯಿತು. ಬಂದು ನೋಡಿದರೆ — ಹೀಟರ್ ಮೇಲೆ ಕಾಯುತ್ತಿದ್ದ ಫ್ಲಾಸ್ಕ್ ಒಣಗಿತ್ತು. ಇಳಿದದ್ದು ತುಂಬಬೇಕಿದ್ದ ಫ್ಲಾಸ್ಕೂ ಒಣಗಿತ್ತು. ಹೀಟರ್ ಆರಿಸಿ, ನಲ್ಲಿ ನಿಲ್ಲಿಸಿ, ಕೂಗಿಕೊಂಡಳು.

ಬಲ್ಕೀಸ್ ಓಡಿಬಂದಾಗ ಮುಖ್ಯಸ್ಥ ಡಾಕ್ಟರ್ ಫಾಖಿರ್ ಆಗಲೇ ತೀರ್ಪು ಕೊಡುತ್ತಿದ್ದರು.

"ದ್ರವಕ್ಕೇನು ಕಾಲು ಬಂತಾ? ನಿಮ್ಮಣ್ಣನಿಗೆ ಅಶಾರ್ ಪೇಟೆಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಅಲ್ವಾ? ಫ್ರಿಜ್ಜಿಗೆ ತುಂಬಿಸೋಕೆ ಅಲ್ಲಿಗೆ ಸಾಗಿಸಿದ್ದೀಯ!"

"ಉಸ್ತಾದ್, ನಮ್ಮಣ್ಣನಿಗೆ ಬ್ರೋಮೋಈಥೇನೂ ಒಂದೇ, ಸೀಮೆಎಣ್ಣೆಯೂ ಒಂದೇ!" ರಬಾಬ್ ಅಳುತ್ತಲೇ ತಿರುಗಿಬಿದ್ದಳು.

"ಸಂಜೆಯೊಳಗೆ ವಿಷಯ ಹೊರಬರಬೇಕು. ಯಾರ ಕೈವಾಡವೋ ಅವರ ಹೆಸರನ್ನ ಕಾಲೇಜಿನಿಂದಲೇ ಹೊಡೆದುಹಾಕ್ತೀನಿ. ಸದ್ಯಕ್ಕೆ ನನಗೆ ಕಾಣ್ತಿರೋದು ನಿನ್ನ ಹೆಸರು."

ಬಲ್ಕೀಸ್ ಆವಿಯನ್ನು ತಣಿಸುವ ಉದ್ದನೆಯ ಗಾಜಿನ ಕೊಳವೆಯ ಮೇಲೆ ಕೈಯಿಟ್ಟಳು. ಥಟ್ಟನೆ ತೆಗೆದಳು. ಅದರ ರಬ್ಬರ್ ಪೈಪು ಸಿಂಕಿನ ಕೆಂಪು ನಲ್ಲಿಗೆ ಸಿಕ್ಕಿಕೊಂಡಿತ್ತು. ಪಕ್ಕದ ನೀಲಿ ನಲ್ಲಿ ಖಾಲಿ. ಕೋಣೆಗೆಲ್ಲ ಇದ್ದದ್ದು ಆ ಒಂದೇ ಸಿಂಕು.

"ಪೈಪು ಕಟ್ಟಿದ್ದು ಯಾವುದಕ್ಕೆ?"

"ಕೆಂಪಿಗೇ, ಸಿತ್. ಜುಲೈ ತಿಂಗಳಲ್ಲಿ ಇನ್ಯಾವುದಕ್ಕೆ ಕಟ್ತಾರೆ? ಐಸ್ ಪೆಟ್ಟಿಗೆ ಬೇರೆ ಕೆಟ್ಟು ಕೂತಿದೆ."

ಬಾಗಿಲ ಬಳಿ ನಿಂತಿದ್ದ ಮುಹನ್ನದ್ ಬಾಯಿ ಹಾಕಿದ. "ನೀರು ಸೇರಿಹೋಗಿ ಎಲ್ಲಾ ಆಲ್ಕೊಹಾಲ್ ಆಗಿರಬಹುದು, ಸಿತ್. ಯಾರ ತಪ್ಪೂ ಇಲ್ಲದೇ ಇರಬಹುದು."

"ಆಲ್ಕೊಹಾಲ್ ಆದರೂ ಫ್ಲಾಸ್ಕಲ್ಲೇ ಇರಬೇಕಲ್ವೇನೋ? ಅದೂ ಬರೀ ನೀರು ತಾಗಿದರೆ ಬ್ರೋಮೈಡ್ ಅಷ್ಟು ಅವಸರ ಮಾಡಲ್ಲ. ದಿನಗಟ್ಟಲೆ ತಗೊಳ್ಳುತ್ತೆ."

ಎರಡನೇ ಫ್ಲಾಸ್ಕಿನ ಪಕ್ಕದ ನಳಿಕೆಯಿಂದ ಒಂದು ಸಣ್ಣ ಟ್ಯೂಬು ಕಿಟಕಿಯ ಹತ್ತಿರದ ಸೀಸೆಗೆ ಇಳಿದಿತ್ತು. ತಪ್ಪಿಸಿಕೊಂಡ ಆವಿ ಕೋಣೆಗೆ ಹರಡದಿರಲೆಂದು ಅದರಲ್ಲಿ ಆಲ್ಕೊಹಾಲ್ ಹಾಕಿಡುತ್ತಿದ್ದರು. ಬಲ್ಕೀಸ್ ಆ ಸೀಸೆಯಿಂದ ಒಂದಿಷ್ಟನ್ನು ಪ್ರನಾಳಕ್ಕೆ ಸುರಿದು, ಸಿಲ್ವರ್ ನೈಟ್ರೇಟ್ ಹನಿಸಿ, ಬಿಸಿನೀರಿನಲ್ಲಿ ನಿಲ್ಲಿಸಿದಳು.

"ಇನ್ನು ಕಾಯೋಣ. ಆವಿ ಈ ಸೀಸೆಯವರೆಗೆ ಬಂದಿದ್ದರೆ ಗಸಿ ಕಟ್ಟುತ್ತೆ. ಅಯೋಡೈಡ್ ಆಗಿದ್ದರೆ ಇಷ್ಟರಲ್ಲೇ ಹಳದಿಯಾಗ್ತಿತ್ತು. ಅದರ ಬಂಧ ಸಡಿಲ, ಬೇಗ ಕಳಚುತ್ತೆ. ಕ್ಲೋರೈಡ್ ಆದರೆ ಕಾದು ಕಾದು ಸಾಕಾಗುತ್ತೆ. ಬ್ರೋಮೈಡ್ ನಡುವಿನದು."

ಫಾಖಿರ್ ಅತ್ತಿಂದಿತ್ತ ಶತಪಥ ಹಾಕತೊಡಗಿದರು. ಬಲ್ಕೀಸ್ ಕಾರಿಡಾರಿನ ಜವಾನನನ್ನು ಕರೆದಳು.

"ಅಬು ಕರ್ರಾರ್, ರಬಾಬ್ ಹೋದಮೇಲೆ ಒಳಗೆ ಯಾರು ಬಂದಿದ್ದರು?"

"ಚಹಾ ಲೋಟ ಎತ್ತೋಕೆ ನಾನು ಬಂದೆ. ವುಜೂ ಮಾಡೋಕೆ ಮುಹನ್ನದ್ ಬಂದ. ಫೋನಲ್ಲಿ ಹರಟುತ್ತಾ ಹೊರಗೆ ಹೋದ. ಆಮೇಲೆ ವಾಚು ಮರೆತೆ ಅಂತ ಇನ್ನೊಂದು ಸಲ ಬಂದ."

"ಕೈಯಲ್ಲಿ ಸೀಸೆ, ಡಬ್ಬಿ?"

"ಏನೂ ಇಲ್ಲ ತಾಯಿ. ಆ ಫೋನೇ ಅವನ ಕೈಗೆ ಅಂಟಿಕೊಂಡಿದೆಯಲ್ಲ!"

"ನೀನು ಏನಾದರೂ ನೋಡಿದೆಯಾ, ಮುಹನ್ನದ್?"

"ನಾನೇನು ನೋಡಲಿ? ಪ್ರಾರ್ಥನೆಗೆ ಹೊತ್ತಾಗಿತ್ತು. ಕೈಕಾಲು, ಮುಖ ತೊಳೆದೆ. ಹೊರಗೆ ಬೆಂಕಿ ಬಿಸಿಲು — ಆ ತಣ್ಣೀರು ಮುಖಕ್ಕೆ ಬಿದ್ದಾಗ ಹೋದ ಜೀವ ಬಂತು. ಅಷ್ಟೇ."

ಬಲ್ಕೀಸ್ ಕೆಂಪು ನಲ್ಲಿಯತ್ತ ತಿರುಗಿ ನೋಡಿದಳು. ಉಳಿದ ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಪ್ರನಾಳದಲ್ಲಿ ಮಬ್ಬು ಕವಿಯಿತು. ನಿಧಾನವಾಗಿ ಕೆನೆಬಣ್ಣದ ಗಸಿ ತಳಕ್ಕಿಳಿಯಿತು.

"ಬ್ರೋಮೈಡ್!" ಎಂದರು ಫಾಖಿರ್. "ಅಂದರೆ?"

"ಯಾರೂ ಕದ್ದಿಲ್ಲ. ಆವಿಯಾಗಿ ಈ ಸೀಸೆಯನ್ನೂ ದಾಟಿ ಕಿಟಕಿಯಿಂದ ಹಾರಿಹೋಗಿದೆ. ಇದರ ಅಣುಗಳು ಒಂದನ್ನೊಂದು ಹಿಡಿದುಕೊಳ್ಳೋದೇ ಸಡಿಲವಾಗಿ. ನೀರಿನಲ್ಲಿರೋ ಹೈಡ್ರೋಜನ್ ಬಂಧದ ಬಿಗಿ ಇಲ್ಲಿಲ್ಲ. ಮೂವತ್ತೆಂಟು ಡಿಗ್ರಿಗೇ ಕುದಿದು ಆವಿಯಾಗುತ್ತೆ. ಅದನ್ನ ತಣಿಸೋ ನೀರೇ ಇನ್ನೂ ಬಿಸಿಯಾಗಿದ್ದರೆ? ಈ ಕೊಳವೆ ಮುಟ್ಟಿ ನೋಡಿ, ಉಸ್ತಾದ್."

ಫಾಖಿರ್ ಮುಟ್ಟಿದರು. "ಬಿಸಿ! ಹಾಗಾದರೆ ಈ ಹುಡುಗಿ ಕಾದ ನೀರಿನ ನೀಲಿ ನಲ್ಲಿಗೇ ಕಟ್ಟಿದ್ದಾಳೆ. ನಾವು ಬರೋದರೊಳಗೆ ಕೆಂಪಿಗೆ ಸಿಕ್ಕಿಸಿ ನಾಟಕ ಆಡಿದ್ದಾಳೆ!"

"ಇಲ್ಲ! ಆಣೆ ಮಾಡಿ ಹೇಳ್ತೀನಿ, ಇಲ್ಲ!"

ಇಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನೊಂದು ಮಾತು ಆಡದಿದ್ದರೆ ಸಾಕಿತ್ತು. ಬಲ್ಕೀಸ್ ಕಣ್ಣೊರೆಸಿಕೊಳ್ಳುತ್ತಿದ್ದ ರಬಾಬ್‌ಳನ್ನು ನೋಡಿದಳು. ಅಕ್ಕನ ಮೂಗನ್ನೇ ಹೊತ್ತ ಮುಹನ್ನದ್‌ನನ್ನೂ ನೋಡಿದಳು.

"ಈ ಊರಲ್ಲಿ ಬೇಸಿಗೆಗೆ ತಣ್ಣೀರು ಎಲ್ಲಿ ಬರುತ್ತೆ, ಉಸ್ತಾದ್? ನೀಲಿ ನಲ್ಲಿಗೆ ನೇರವಾಗಿ ಮಾಳಿಗೆಯ ತೊಟ್ಟಿಯ ನೀರು. ಬಿಸಿಲಿಗೆ ಕಾದು ಕೈ ಸುಡುತ್ತೆ. ಗೀಸರ್ ಆರಿಸಿಡ್ತೀವಲ್ಲ, ಕೋಣೆಯ ನೆರಳಲ್ಲಿ ಅದರೊಳಗೆ ನಿಂತು ತಣಿದ ನೀರು ಬರೋದು ಕೆಂಪು ನಲ್ಲಿಯಲ್ಲಿ ಮಾತ್ರ. ರಬಾಬ್ ಬಿಟ್ಟುಹೋದಂತೆ ಪೈಪು ಕೆಂಪಿನಲ್ಲೇ ಇದ್ದಿದ್ದರೆ, ಮುಹನ್ನದ್‌ಗೆ ಹೋದ ಜೀವ ತಂದ ಆ ತಣ್ಣೀರು ಎಲ್ಲಿಂದ ಬಂತು?"

ಎಲ್ಲರೂ ಮುಹನ್ನದ್‌ನತ್ತ ತಿರುಗಿದರು.

"ಖಾಲಾ..." ಕಾಲೇಜಿನಲ್ಲಿ ಅವನು ಚಿಕ್ಕಮ್ಮನನ್ನು ಎಂದೂ ಹಾಗೆ ಕರೆದಿರಲಿಲ್ಲ. "ಒಂದು ಗಳಿಗೆ ಅಂತ ಪೈಪನ್ನ ನೀಲಿಗೆ ಹಾಕಿದೆ. ಕೊಳವೆಗೆ ನೀರು ನಿಲ್ಲಬಾರದಲ್ಲ ಅಂತ. ಅಷ್ಟರಲ್ಲಿ ಫೋನ್ ಬಂತು, ಮರೆತೆ. ವಾಪಸ್ ಬಂದಾಗ ಎಲ್ಲಾ ಖಾಲಿ. ರಬಾಬ್ ಬರೋ ಸದ್ದಾಯ್ತು, ಹೆದರಿ ಮತ್ತೆ ಕೆಂಪಿಗೆ ಸಿಕ್ಕಿಸಿದೆ."

"ಮರೆತದ್ದು ತಪ್ಪು, ಅಷ್ಟೇ. ಆದರೆ ಇವಳನ್ನ ಕಳ್ಳಿ ಅಂದಾಗ? ಆಗಲೂ ಮರೆತಿತ್ತೇನೋ?"

ಫಾಖಿರ್ ಕೆಮ್ಮಿ, ದನಿ ತಗ್ಗಿಸಿದರು. "ನಿಮ್ಮ ಮನೆ ಹುಡುಗ, ಬಲ್ಕೀಸ್. ನಾನು ಕೋಪದಲ್ಲಿ ಏನೋ ಅಂದೆ. ಏನು ಮಾಡಲಿ, ನೀವೇ ಹೇಳಿ."

"ರಬಾಬ್‌ಗೆ ಏನು ಮಾಡ್ತಿದ್ದಿರೋ ಅದನ್ನೇ ಮಾಡಿ."

ಸಂಜೆಗೆ ಮುಹನ್ನದ್‌ನ ಹೆಸರನ್ನು ಕಾಲೇಜಿನಿಂದ ಹೊಡೆದುಹಾಕಿದರು. ಅಕ್ಕನಿಗೆ ಕೊಟ್ಟ ಮಾತನ್ನು ಬಲ್ಕೀಸ್ ಉಳಿಸಿಕೊಳ್ಳಲಿಲ್ಲ.