ಕರಿಹೋತನ ಕೆನ್ನೆಯ ಗುರುತು

“ಕುರಿ ಜರಾ ಸರಿಸ್ರಿ. ಹೊಟ್ಟಿ ಹಸ್ದದ.”

ಭಾಗ್ಯಳ ಕೈಯಲ್ಲಿದ್ದ ಕೋಲು ಅರ್ಧಕ್ಕೇ ನಿಂತಿತು.

ಈ ಧ್ವನಿ...!

ಯಾಲಾಲದ ರಸ್ತೆ ತುಂಬ ಅವಳ ಕುರಿಗಳು. ನಡುವೆ ಸಿಕ್ಕಿಕೊಂಡ ಬೈಕಿನ ಮೇಲೆ ಒಬ್ಬ ಯುವಕ. ತಾಂಡೂರಿನ ಕಲ್ಲಿನ ಪಾಲಿಶ್ ಕೆಲಸ ಮುಗಿಸಿ ಬಂದವನಿರಬೇಕು, ಹುಬ್ಬಿನವರೆಗೂ ಬಿಳಿ ಪುಡಿ. ಆ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಧ್ವನಿಯನ್ನು ಮಾತ್ರ ದಿನವೂ ಇಯರ್‌ಫೋನಿನಲ್ಲಿ ಕೇಳುತ್ತಿದ್ದಳು.

ಮೈಲಾರಿ! ಫೋನಿನ ಆಟದಲ್ಲಿ ಅವಳ ಜೋಡಿ.

ಕುರಿ ಮೇಯುವಾಗ ಬೇಸರ ಕಳೆಯಲೆಂದು ಅವಳು ಆ ಆಟ ಹಿಡಿದಿದ್ದಳು. ಮೊದಲು ನಮ್ಮದೇ ಒಂದು ಪಾತ್ರ ಕಟ್ಟಿಕೊಳ್ಳಬೇಕು. ಎತ್ತರ, ಬಣ್ಣ, ಕೂದಲು ಎಲ್ಲ ನಮ್ಮ ಇಷ್ಟ. ಹೆಣ್ಣಿನ ಪಾತ್ರ ಮಾಡಿದಾಗ ಗುರುತಿಲ್ಲದವರೆಲ್ಲ ಮೆಸೇಜು ಹಾಕಿ ಕಾಡಿದ್ದರು. ಅದಕ್ಕೇ ಅದನ್ನು ಅಳಿಸಿ, ಗೋಡೆಯಂಥ ಗಂಡಾಳನ್ನು ಮಾಡಿ ‘ಕರಿಹೋತ’ ಎಂದು ಹೆಸರಿಟ್ಟಳು. ಗೆದ್ದಾಗ ಸಿಗುವ ಪಾಯಿಂಟುಗಳನ್ನೆಲ್ಲ ಬಲಕ್ಕೆ, ಗುರಾಣಿಗೆ ಸುರಿದಳು. ‘ಮಾತು’ ಎಂಬ ಗುಣಕ್ಕೆ ಒಂದನ್ನೂ ಕೊಡಲಿಲ್ಲ.

ಮಾತಿಗೆ ಹಾಕಿ ಏನುಪಯೋಗ? ನನಗಂತೂ ಬರಲ್ಲ, ಅವನಿಗಾದರೂ ಯಾಕೆ?

ಮೈಲಾರಿಯ ಪಾತ್ರ ‘ಗಿಳಿರಾಯ’ ತದ್ವಿರುದ್ಧ. ಕಡ್ಡಿಯಂಥ ಮೈ, ಪಾಯಿಂಟೆಲ್ಲ ಮಾತಿಗೆ. ಅವನು ಕಾವಲುಗಾರರನ್ನು ಮಾತಿನಲ್ಲಿ ಮರುಳು ಮಾಡುವನು. ಮಾತು ಕೆಟ್ಟಾಗ ಇವಳು ಗುರಾಣಿ ಹಿಡಿದು ಉಳಿಸುವಳು. ಅವನು ಮೈಕಿನಲ್ಲಿ ಹರಟುವನು, ಇವಳು ಒಂದೆರಡು ಅಕ್ಷರ ಒತ್ತುವಳು. ಅಷ್ಟೇ ಅವರ ಸ್ನೇಹ.

ಈಗ ಅವನ ಕಣ್ಣು ಕುರಿಯೊಂದರ ಬೆನ್ನಿನ ಮೇಲೆ ನೆಟ್ಟಿತು. ಕೆಂಪು ಬಣ್ಣದ ಅರ್ಧಚಂದ್ರ, ಕೆಳಗೊಂದು ಗೆರೆ. ಹಿಂಡುಗಳು ಬೆರೆತರೆ ಬೇರ್ಪಡಿಸಲು ಅವಳ ಮನೆಯವರು ಹಾಕುವ ಗುರುತು.

“ಈ ಗುರುತು ಯಾರದ್ರಿ?”

“ಸಾಯಣ್ಣಂದು.” ಬಾಯಿ ರೂಢಿಯಂತೆ ಹೇಳಿಬಿಟ್ಟಿತು. ಕುರಿ ಯಾರವೆಂದು ಕೇಳಿದರೆ ಮನೆಯ ಗಂಡಸಿನ ಹೆಸರು ಹೇಳುವುದೇ ಅವರ ವಾಡಿಕೆ. ಸಾಯಣ್ಣ ಅಂದರೆ ಅವಳ ಅಣ್ಣ ಸಾಯಿಕುಮಾರ.

ಮೈಲಾರಿ ಸೀಟಿನಿಂದ ಪುಟಿದೆದ್ದ. “ನಮ್ಮ ಕರಿಹೋತನ ಕೆನ್ನಿ ಮ್ಯಾಲ ಇದೇ ಅದ! ನಿಮ್ಮಣ್ಣೇನ್ರಿ ಅಂವ? ಗಿಳಿರಾಯ ಸಿಕ್ಕಿದ್ದ ಅಂತ ಹೇಳ್ರಿ!”

ಅಲ್ಲ, ನಾನು...

ಅವಳ ತುಟಿ ಬಿಚ್ಚುವಷ್ಟರಲ್ಲಿ ಕುರಿಗಳು ಸರಿದವು, ಬೈಕು ಹೊರಟುಹೋಯಿತು.

ಆಮೇಲೆ ಆಟದಲ್ಲಿ ಅವನು ಅವಳನ್ನು ಸಾಯಣ್ಣ ಎಂದೇ ಕರೆದ. ತಿದ್ದಬೇಕೆಂದು ಅವಳು ಅಕ್ಷರ ಒತ್ತುವಳು, ಅಳಿಸುವಳು. ಹುಡುಗಿ ಅಂತ ತಿಳಿದರೆ ಹೀಗೆ ಮನಸ್ಸು ಬಿಚ್ಚಿ ಮಾತಾಡುತ್ತಾನೆಯೇ?

ಒಂದು ಸಂಜೆ ಆಟದ ಕೋಟೆಯ ಬಾಗಿಲ ಮುಂದೆ ಇಬ್ಬರೂ ನಿಂತಿದ್ದಾಗ ಅವನ ಧ್ವನಿ ಎಂದಿನಂತಿರಲಿಲ್ಲ.

“ಸಾಯಣ್ಣ, ಐತವಾರ ನಮ್ಮವ್ವ ಕೊಡಂಗಲ್ ಕಡಿ ಹೆಣ್ಣು ನೋಡಾಕ ಹೊಂಟಾಳ. ನನ್ನ ಮನಸಿನ್ಯಾಗ ನಿನ್ನ ತಂಗಿ ಇದ್ದಾಳ. ಆದ್ರ ಆಕಿ ಅವತ್ತು ನನ್ನ ಮಾರಿ ಸೈತ ನೋಡಲಿಲ್ಲ. ಆಕಿಗೆ ನಾ ಸೇರಲಿಲ್ಲ ಕಾಣ್ತದ. ಕೇಳಲೇನು, ಬಿಡಲೇನು? ನೀನೇ ಹೇಳು.”

ಭಾಗ್ಯ ‘ಕೇಳು’ ಎಂದು ಒತ್ತಿದಳು. ಕಳಿಸಲಿಲ್ಲ. ಅಣ್ಣನ ಹೆಸರಿನಲ್ಲಿ ನನ್ನನ್ನು ನಾನೇ ಕೊಟ್ಟುಕೊಳ್ಳಲೇ? ನಾಳೆ ಇವನು ಮನೆಗೆ ಬಂದು ಅಣ್ಣನ ಹೆಗಲ ಮೇಲೆ ಕೈಹಾಕಿದರೆ?

ಆಟದಲ್ಲಿ ಕರಿಹೋತನ ಚೀಲದಲ್ಲಿ ಬಹಳ ದಿನದಿಂದ ಒಂದು ಔಷಧವಿತ್ತು. ಕುಡಿದರೆ ಹಾಕಿದ ಪಾಯಿಂಟೆಲ್ಲ ಮರಳಿ ಬರುತ್ತವೆ, ಹೊಸದಾಗಿ ಹಂಚಬಹುದು. ಒಂದೇ ಸಲ.

ಕರಿಹೋತ ಕುಡಿದ. ಬಲವೆಲ್ಲ ಹೋಗಿ ಗುರಾಣಿ ಕೈಜಾರಿ ಬಿತ್ತು.

“ಏ, ಏನ್ ಮಾಡ್ದಿ ಮಾರಾಯಾ? ಈಗ ಇಬ್ಬರೂ ಸಾಯ್ತೀವಿ ನೋಡು!”

ಅವಳು ಎಲ್ಲವನ್ನೂ ಮಾತಿಗೆ ಹಾಕಿದಳು. ಮೂಕನಂತಿದ್ದ ಕರಿಹೋತ ಕಾವಲುಗಾರನ ಹತ್ತಿರ ಹೋಗಿ ಮಾತಾಡಿದ. ಕೋಟೆಯ ಬಾಗಿಲು ತೆರೆಯಿತು.

ಅವನಿಗೆ ಮಾತು ಬಂತು. ಇನ್ನು ನನಗೆ...

ಅವಳು ಮೈಕು ಒತ್ತಿದಳು. ಮೊದಲು ಹೋದದ್ದು ಪಕ್ಕದ ಮರಿಯ ‘ಬ್ಯಾ’. ಆಮೇಲೆ ಅವಳ ಧ್ವನಿ.

“ನಾ ಸಾಯಣ್ಣ ಅಲ್ರಿ. ನೀವು ಗುರುತು ಯಾರದು ಅಂದ್ರಿ, ಮನಿ ಹೆಸರು ಹೇಳ್ದೆ. ಆಟ ಆಡಾವರು ಯಾರಂತ ಕೇಳಲೇ ಇಲ್ಲ.”

ಆ ಕಡೆಯಿಂದ ಸಣ್ಣಗೆ ಬಂತು. “ಆಡಾವರು ಯಾರ್ರಿ?”

“ನಾ. ಮಾರಿ ನೋಡಲಿಲ್ಲ ಅಂದ್ರಲ್ಲ... ನೋಡಿದ್ದೆ. ಹುಬ್ಬಿನ ತುಂಬ ಕಲ್ಲಿನ ಪುಡಿ ಇತ್ತು.”

ಧಡ್ ಎಂಬ ಸದ್ದಾಯಿತು. ಗಿಳಿರಾಯ ಪರದೆಯಿಂದ ಮಾಯವಾದ.

ಮುಗಿಯಿತು. ಮಾತಾಡಿ ಕೆಡಿಸಿಕೊಂಡೆ... ಮನೆಗೆ ಬಂದು ತಾಯಿ ಸುಭದ್ರಮ್ಮನ ಮುಂದೆ ಒಲೆಯ ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಂಡಳು.

ಆ ಭಾನುವಾರ ಬೈಕೊಂದು ಅಂಗಳದಲ್ಲಿ ನಿಂತಿತು. ಹಿಂದಿನ ಸೀಟಿನಿಂದ ಇಳಿದ ಮೈಲಾರಿಯ ತಾಯಿ ಬಾಲಮಣಿ ನೇರ ಕೊಟ್ಟಿಗೆಗೆ ಹೋಗಿ ಕುರಿಗಳ ಬೆನ್ನು ನೋಡಿದಳು. ಇವ ತಿಂಗಳುಗಟ್ಟಲೆ ಹೊಗಳಿದ ಗುರುತು ಇದೇ ಏನು ಎಂದು ನಕ್ಕಳು. ಕೊಡಂಗಲ್ಲಿಗೆ ಬರುವುದಿಲ್ಲ, ಈ ಮನೆಯ ಹುಡುಗಿಯನ್ನೇ ಕೇಳಬೇಕು ಎಂದು ಮಗ ಹಟ ಹಿಡಿದದ್ದನ್ನೂ ಹೇಳಿದಳು. ಏನೊಂದೂ ಗೊತ್ತಿಲ್ಲದ ಸಾಯಿಕುಮಾರ ತಂಗಿಯ ಕಡೆ ತಿರುಗಿದ. ಅವನು ಕೇಳುವ ಮೊದಲೇ ಭಾಗ್ಯ ಬಾಯಿಬಿಟ್ಟಳು.

“ನನಗ ಒಪ್ಪಿಗಿ ಅದ, ಅಣ್ಣ.”

ಚಹಾ ಕುಡಿಯಲು ಎಲ್ಲರೂ ಒಳಗೆ ಹೋದಾಗ ಮೈಲಾರಿ ಬೇವಿನ ಕೆಳಗೆ ಅವಳ ಹತ್ತಿರ ಬಂದ.

“ಅವತ್ತು ಫೋನು ಕೈಜಾರಿ ಕಲ್ಲು ಕೊಯ್ಯೋ ಮಷೀನಿನ ನೀರಿನ್ಯಾಗ ಬಿತ್ತು,” ಎಂದ. “ಆಟದಾಗಿನ ಗವಿಯಾಗ ಗಾಯ ಆದಾಗ ನನ್ನ ಹೊತ್ಕೊಂಡು ಓಡಿದ್ದು ನೀನೇ ಏನು?”

“ಹೂಂ.”

“ಭಾರ ಇದ್ನೇನು?”

ಅವಳು ನಗು ತಡೆಯಲಾರದೆ ಫೋನು ಮುಂದೆ ಹಿಡಿದಳು. ಪರದೆಯ ಮೇಲೆ ಹೊಸ ಪಾತ್ರವೊಂದು ಅರ್ಧ ತಯಾರಾಗಿ ನಿಂತಿತ್ತು. ಅವಳದೇ ಎತ್ತರ, ಅವಳದೇ ಜಡೆ, ಕೆನ್ನೆಯ ಮೇಲೆ ಅದೇ ಅರ್ಧಚಂದ್ರ.

“ಮಾತಿಗೆ ಎಷ್ಟು ಹಾಕ್ಲಿ?”

“ಜರಾ ಹಾಕು. ಎಲ್ಲಾ ನೀನೇ ಮಾತಾಡಿದ್ರ ನಾ ಏನ್ ಮಾಡ್ಲಿ?”

“ಮತ್ತ ಕೆನ್ನಿ ಮ್ಯಾಲಿನ ಗುರುತು? ತೆಗೀಲೇನು?”

ಮೈಲಾರಿ ಬೇಡವೆಂದು ತಲೆಯಾಡಿಸಿದ. “ಇರ್ಲಿ. ಅದಿಲ್ಲಂದ್ರ ಸಾವಿರ ಮಂದಿಯಾಗ ನಿನ್ನ ನಾ ಹ್ಯಾಂಗ ಹುಡುಕ್ಲಿ?”